ಬಣ್ಣ ಕೊನೆಗೆ, ಬುಷ್ ಮೊದಲು

ಬೆಂಗಳೂರಿನಲ್ಲಿ ಹಳೆ ಕಾರುಗಳ ರ‍್ಯಾಲಿ ನಡೆದಾಗಲೆಲ್ಲ ಜನ ಮುತ್ತಿಕೊಳ್ಳುವುದು ಬಣ್ಣವನ್ನು. ಮುಖ ಕಾಣುವಷ್ಟು ಹೊಳೆಯುವ ಬಾನೆಟ್, ಹೊಸದಾಗಿ ಕ್ರೋಮ್ ಹಾಕಿಸಿದ ಬಂಪರ್, ಚರ್ಮದ ಸೀಟು, ಮರದ ಡ್ಯಾಶ್‌ಬೋರ್ಡ್. ಫೋಟೊ ತೆಗೆಸಿಕೊಳ್ಳುವವರಿಗೆ ಇಷ್ಟು ಸಾಕು. ಅದೇ ಕಾರು ರ‍್ಯಾಲಿ ಮುಗಿಸಿ ಮನೆಗೆ ಹೊರಟು ಮೊದಲ ಹಂಪ್ ಹತ್ತಿ ಇಳಿದಾಗ ಅದರ ನಿಜವಾದ ಜಾತಕ ಬಿಚ್ಚಿಕೊಳ್ಳುತ್ತದೆ. ‘ಟಕ್’ ಎಂದರೆ ಎಲ್ಲೋ ಒಂದು ಬುಷ್, ಅಂದರೆ ಕೀಲಿನೊಳಗೆ ಕೂರುವ ರಬ್ಬರ್ ತುಂಡು, ಸತ್ತಿದೆ. ‘ಕಿರ್’ ಎಂದರೆ ರಬ್ಬರ್ ಒಣಗಿದೆ. ಬ್ರೇಕ್ ಒತ್ತಿದಾಗ ಸ್ಟೀರಿಂಗ್ ಒಂದು ಕಡೆಗೆ ಎಳೆದರೆ ಮುಂದಿನ ಚಕ್ರ ಹಿಡಿದ ತೋಳುಗಳಲ್ಲಿ ಪ್ಲೇ ಬಂದಿರಬಹುದು. ಲಕ್ಷಗಟ್ಟಲೆ ಸುರಿದು ಬಣ್ಣ ಹೊಡೆಸಿದ ಕಾರಿನಲ್ಲಿ ಕೆಲವು ನೂರು ರೂಪಾಯಿಯ ರಬ್ಬರ್ ತುಂಡನ್ನು ಹಾಗೇ ಬಿಟ್ಟಿರುವುದನ್ನು ನೋಡಿದರೆ ಸಂಕಟವಾಗುತ್ತದೆ. ಸ್ಪೋರ್ಟ್ಸ್ ಕಾರು ಎಂದು ಕರೆಯುವುದೇ ಅದು ತಿರುವಿನಲ್ಲಿ ಓಡುವ ರೀತಿಗೆ. ಆ ಓಟ ನಿಂತಿರುವುದು ಕಾರಿನ ಅಡಿಯಲ್ಲಿ ಕಣ್ಣಿಗೆ ಬೀಳದೆ ಕೂತ ಸಣ್ಣ ಸಾಮಾನುಗಳ ಮೇಲೆ.

ಜಯನಗರದ ನಾಲ್ಕನೇ ಟಿ ಬ್ಲಾಕ್ ದಾಟಿ ಬನ್ನೇರುಘಟ್ಟ ರಸ್ತೆಯ ಕಡೆಗೆ ಹೋದರೆ ಅಗಲ ರಸ್ತೆ, ಸಾಲುಮರಗಳೆಲ್ಲ ಮುಗಿದು ಗಲ್ಲಿಗಳು ಶುರುವಾಗುವ ಜಾಗವೇ ತಿಲಕ್ ನಗರ. ಸ್ವಾಗತ್ ರಸ್ತೆಯ ವ್ಯಾಪಾರದ ಗದ್ದಲದಿಂದ ಸ್ವಲ್ಪ ಒಳಗೆ ಸರಿದರೆ ಗ್ಯಾರೇಜು, ವೆಲ್ಡಿಂಗ್ ಶೆಡ್ಡು, ಟಿಂಕರಿಂಗ್ ಸದ್ದು. ದಕ್ಷಿಣ ಬೆಂಗಳೂರಿನ ಇಂಥ ಗಲ್ಲಿಗಳಲ್ಲಿ ಕಂಪನಿ ಸರ್ವಿಸ್ ಸೆಂಟರಿನವರು ‘ಪಾರ್ಟ್ ಬರುವುದಿಲ್ಲ’ ಎಂದು ಕೈಚೆಲ್ಲಿದ ಗಾಡಿಗಳಿಗೂ ಜಾಗವಿದೆ. ಈ ಊರಿಗೆ ಲೋಹದ ಕೆಲಸ ಹೊಸದಲ್ಲ. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1951ರಲ್ಲಿ ಮೈಕೊ, 1953ರಲ್ಲಿ ಎಚ್‌ಎಂಟಿ ಬಂದವು. ಮೈಕೊ ಕಾರ್ಖಾನೆಯಂತೂ ತಿಲಕ್ ನಗರಕ್ಕೆ ಹತ್ತಿರದ ಆಡುಗೋಡಿಯಲ್ಲೇ ಇತ್ತು. ಕೂದಲೆಳೆಗಿಂತ ಸಣ್ಣ ಅಳತೆಯಲ್ಲಿ ಡೀಸೆಲ್ ಪಂಪಿನ ಭಾಗಗಳನ್ನು ಮಾಡುತ್ತಿದ್ದ ಊರಿನಲ್ಲಿ ಲೇತ್ ಮುಂದೆ ನಿಂತ ಟರ್ನರ್‌ಗೆ ‘ಎರಡು ಥೌ ಕಮ್ಮಿ ಮಾಡು’ ಎಂದರೆ ಬಿಡಿಸಿ ಹೇಳಬೇಕಾಗಿಲ್ಲ. ಇಂಚಿನ ಸಾವಿರದಲ್ಲಿ ಎರಡು ಭಾಗ ಎಂದು ಅವನಿಗೆ ಗೊತ್ತು. ಅರವತ್ತು ವರ್ಷ ಹಳೆಯ ಇಂಗ್ಲಿಷ್ ಕಾರನ್ನು ಮತ್ತೆ ರಸ್ತೆಗೆ ಇಳಿಸಲು ಬೇಕಾದದ್ದು ಈ ಅರಿವು.

ಸ್ಪೋರ್ಟ್ಸ್ ಕಾರುಗಳು ನಮ್ಮಲ್ಲಿ ಎಂದೂ ಹೆಚ್ಚಿರಲಿಲ್ಲ. ಐವತ್ತರ ದಶಕದಿಂದಲೇ ಹೊರದೇಶದ ಕಾರು ತರಿಸುವುದು ಕಷ್ಟವಾಯಿತು. ಇಲ್ಲಿ ಜೋಡಣೆ ಮಾಡುತ್ತಿದ್ದ ಫೋರ್ಡ್, ಜನರಲ್ ಮೋಟಾರ್ಸ್ ಬಾಗಿಲು ಹಾಕಿಕೊಂಡು ಹೋದವು. ಆದರೂ ಒಂದು ಇಂಗ್ಲಿಷ್ ಸ್ಪೋರ್ಟ್ಸ್ ಕಾರಿನ ಮುಂದಿನ ಸಸ್ಪೆನ್ಶನ್ ನಮ್ಮ ಮೇಸ್ತ್ರಿಗಳಿಗೆ ಚೆನ್ನಾಗಿ ಪರಿಚಯ. ಅದು ಟ್ರಯಂಫ್ ಸ್ಪಿಟ್‌ಫೈರ್. ಪರಿಚಯ ಮಾಡಿಸಿದ್ದು ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್.

ಇಂಗ್ಲೆಂಡಿನಲ್ಲಿ 1959ರಲ್ಲಿ ಬಂದ ಟ್ರಯಂಫ್ ಹೆರಾಲ್ಡ್‌ನ ರೂಪ ಬರೆದವನು ಇಟಲಿಯ ಜೊವಾನಿ ಮಿಕೆಲೊಟ್ಟಿ. ಮಿಕ್ಕ ಬಹಳಷ್ಟು ಕಂಪನಿಗಳು ಬಾಡಿ, ಚಾಸಿಸ್ ಎರಡನ್ನೂ ಒಂದೇ ಮಾಡುತ್ತಿದ್ದ ಕಾಲದಲ್ಲಿ ಹೆರಾಲ್ಡ್‌ಗೆ ಬೇರೆಯೇ ಚಾಸಿಸ್ ಇತ್ತು. ಅದರಿಂದ ಅದೇ ತಳದ ಮೇಲೆ ಬೇರೆ ಬೇರೆ ಬಾಡಿ ಕೂರಿಸುವುದು ಸುಲಭವಾಯಿತು. 1962ರಲ್ಲಿ ಚಾಸಿಸ್ಸನ್ನು ಗಿಡ್ಡ ಮಾಡಿ, ಮಿಕೆಲೊಟ್ಟಿಯದೇ ರೂಪದಲ್ಲಿ ಇಬ್ಬರು ಕೂರುವ ತೆರೆದ ಕಾರು ಬಂತು. ಅದೇ 1147 ಸಿಸಿಯ ಸ್ಪಿಟ್‌ಫೈರ್. ಮುಂದಿನ ವಿಶ್‌ಬೋನು (ಕವಲು ತೋಳು), ಕಾಯಿಲ್ ಸ್ಪ್ರಿಂಗು, ಚಕ್ರ ಹಿಡಿಯುವ ಕಂಬ ಎಲ್ಲವೂ ಹೆರಾಲ್ಡ್‌ನ ಕುಟುಂಬದವೇ. ಇತ್ತ 1961ರಿಂದ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಆಫ್ ಇಂಡಿಯಾ ಮದರಾಸಿನಲ್ಲಿ ಹೆರಾಲ್ಡ್ ತಯಾರಿಸಿತು. ಡಾಕ್ಟರು, ವಕೀಲರು, ಕಾಫಿ ತೋಟದವರು ಅದನ್ನು ಕೊಂಡರು. ಮದರಾಸಿನ ಹತ್ತಿರ ಶೋಳಾವರಂನ ಹಳೆ ವಿಮಾನ ಪಟ್ಟಿಯ ಓಟಗಳಲ್ಲೂ ಹೆರಾಲ್ಡ್‌ಗಳು ಓಡಿದವು. ಬಾನೆಟ್ ಪೂರ್ತಿ ಮುಂದಕ್ಕೆ ಬಾಗಿ ತೆರೆದುಕೊಂಡು ಇಡೀ ಮುಂಭಾಗ ಕೈಗೆ ಸಿಗುವ ಕಾರು ಅದು. ಟೈರಿನ ಮೇಲೆ ಕೂತು ಕೆಲಸ ಮಾಡಬಹುದಾಗಿದ್ದ ಆ ಕಾರಿನಲ್ಲಿ ಕಲಿತ ಕೈ ಸ್ಪಿಟ್‌ಫೈರ್ ಕಂಡಾಗ ತಡವರಿಸುವುದಿಲ್ಲ.

ಈ ಮುಂದಿನ ಸಸ್ಪೆನ್ಶನ್ನಿನ ರಚನೆ ತಿಳಿದರೆ ಉಳಿದದ್ದು ಸುಲಭ. ಒಂದೊಂದು ಮುಂದಿನ ಚಕ್ರಕ್ಕೂ ಮೇಲೊಂದು, ಕೆಳಗೊಂದು ವಿಶ್‌ಬೋನ್. ಒಳತುದಿಗಳು ಚಾಸಿಸ್‌ಗೆ ರಬ್ಬರ್ ಬುಷ್‌ಗಳ ಮೂಲಕ ಸೇರುತ್ತವೆ. ಹೊರತುದಿಗಳ ನಡುವೆ ಉಕ್ಕಿನ ಕಂಬವೊಂದು ನಿಲ್ಲುತ್ತದೆ. ಚಕ್ರ ಕೂತಿರುವುದು ಅದರ ಮೇಲೇ. ಕಂಬದ ಮೇಲ್ತುದಿಯಲ್ಲಿ ಬಾಲ್ ಜಾಯಿಂಟ್, ಕೆಳತುದಿಯಲ್ಲಿ ಟ್ರನಿಯನ್. ಸ್ಟೀರಿಂಗ್ ತಿರುಗಿಸಿದಾಗ ಕಂಬ ತಿರುಗುತ್ತದೆ, ಹಳ್ಳ ಬಂದಾಗ ವಿಶ್‌ಬೋನ್ ಏರಿಳಿಯುತ್ತದೆ. ಭಾರ ಹೊರುವುದು ಸ್ಪ್ರಿಂಗು, ಅದರ ಕುಣಿತ ತಡೆಯುವುದು ಒಳಗಿನ ಶಾಕ್ ಅಬ್ಸಾರ್ಬರ್. ಚಕ್ರ ಯಾವ ಕೋನದಲ್ಲಿ ನಿಲ್ಲಬೇಕು ಎಂಬುದನ್ನು ಕಾಯುವುದು ಮಾತ್ರ ಬುಷ್ಷು, ಟ್ರನಿಯನ್ನುಗಳ ಕೆಲಸ.

ಈ ಟ್ರನಿಯನ್ ವಿಷಯವನ್ನು ಬಿಡಿಸಿ ಹೇಳಲೇಬೇಕು, ಯಾಕೆಂದರೆ ಇದರಿಂದ ಜೀವಕ್ಕೇ ಅಪಾಯ. ಅಂಗೈಯಲ್ಲಿ ಹಿಡಿಯಬಹುದಾದ ಹಿತ್ತಾಳೆ ಬಣ್ಣದ ಎರಕದ ತುಂಡು ಅದು. ಮೇಲಿನಿಂದ ನೋಡಿದರೆ ಒಳಗೆ ದಪ್ಪ ಮರೆಯ (ಥ್ರೆಡ್ಡಿನ) ತೂತು. ಕಂಬದ ಕೆಳತುದಿಯಲ್ಲೂ ಅದೇ ಮರೆ ಇರುತ್ತದೆ. ಬೋಲ್ಟು ನಟ್ಟಿನೊಳಗೆ ಇಳಿಯುವ ಹಾಗೆ ಕಂಬ ಟ್ರನಿಯನ್ನಿನೊಳಗೆ ತಿರುಗಿ ಇಳಿಯುತ್ತದೆ. ಒಂದು ಪಕ್ಕದ್ದು ಬಲ ಮರೆ, ಇನ್ನೊಂದು ಪಕ್ಕದ್ದು ಎಡ ಮರೆ. ಅದಲು ಬದಲು ಮಾಡಿ ಬಲವಂತ ಮಾಡಿದರೆ ಎರಡೂ ಹಾಳು. ಕೂರಿಸುವಾಗ ಪೂರ್ತಿ ಕೆಳಗಿಳಿಯುವವರೆಗೆ ತಿರುಗಿಸಿ, ಆಮೇಲೆ ಸುಮಾರು ಒಂದು ಸುತ್ತು ಹಿಂದಕ್ಕೆ ಬಿಡಬೇಕು. ಹಾಗೆ ಬಿಡದಿದ್ದರೆ ಸ್ಟೀರಿಂಗ್ ಒಂದು ಕಡೆ ಪೂರ್ತಿ ತಿರುಗಿಸಿದಾಗ ತುಂಡು ತಳಕ್ಕೆ ಬಿಗಿದುಕೊಳ್ಳುತ್ತದೆ. ಟ್ರನಿಯನ್ನಿನ ಅಡ್ಡ ತೂತಿನಲ್ಲಿ ನೈಲಾನ್ ಬುಷ್, ಅದರೊಳಗೆ ಉಕ್ಕಿನ ಕೊಳವೆ, ಎರಡೂ ಪಕ್ಕ ಧೂಳು ತಡೆಯುವ ವಾಷರ್. ಬೋಲ್ಟು ಹಾಕಿ ಬಿಗಿದ ಮೇಲೂ ಟ್ರನಿಯನ್ ಕೈಗೆ ಅಲ್ಲಾಡದೆ, ಸರಾಗವಾಗಿ ತಿರುಗಬೇಕು. ಬಿಗಿಯಾದರೆ ಉಕ್ಕಿನ ಕೊಳವೆ ಗಿಡ್ಡವಾಗಿದೆ ಅಥವಾ ವಾಷರ್ ತಪ್ಪಾಗಿ ಕೂತಿದೆ ಎಂದರ್ಥ. ಬಿಚ್ಚಿ ನೋಡದೆ ಮುಂದೆ ಹೋಗಬಾರದು.

ಇನ್ನು ಎಣ್ಣೆ. ಅಂಬಾಸಿಡರ್ ನೋಡಿ ಬೆಳೆದ ಕೈ ನಿಪ್ಪಲ್ ಕಂಡ ಕೂಡಲೇ ಗ್ರೀಸ್ ಗನ್ ಹುಡುಕುತ್ತದೆ. ಟ್ರಯಂಫ್ ಟ್ರನಿಯನ್ನಿಗೆ ಗ್ರೀಸ್ ಹಾಕಬಾರದು. ಅದಕ್ಕೆ ಬೇಕಾದದ್ದು ಗೇರ್ ಬಾಕ್ಸಿಗೆ ಹಾಕುವ 90 ನಂಬರಿನ ಇಪಿ ಗೇರ್ ಆಯಿಲ್. ಗ್ರೀಸು ಮರೆಯ ಬುಡದವರೆಗೆ ಇಳಿಯುವುದಿಲ್ಲ; ಇಳಿದದ್ದು ವರ್ಷ ಕಳೆದಂತೆ ಗಟ್ಟಿಯಾಗಿ ಹೊಸದಕ್ಕೂ ದಾರಿ ಕಟ್ಟುತ್ತದೆ. ಮಳೆಗಾಲದ ನೀರು ಒಳಗೆ ಸೇರಿ ಉಕ್ಕಿನ ಮರೆ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ಕಂಬ ಟ್ರನಿಯನ್ನಿನಲ್ಲಿ ಸಿಕ್ಕಿಕೊಂಡರೆ, ಸ್ಟೀರಿಂಗ್ ತಿರುಗಿಸಿದ ಪ್ರತಿ ಸಲವೂ ಆ ಕಂಬವೇ ತಿರುಚಿಕೊಳ್ಳಬೇಕು. ಒಂದು ದಿನ ಅದು ಮುರಿಯುತ್ತದೆ, ಚಕ್ರ ಒಳಕ್ಕೆ ಮಡಚಿಕೊಂಡು ಕಾರಿನ ಮೂಗು ರಸ್ತೆಗೆ ಬೀಳುತ್ತದೆ. ಮನೆ ಮುಂದೆ ಮೆಲ್ಲಗೆ ತಿರುಗಿಸುವಾಗ ಮುರಿದರೆ ಪುಣ್ಯ, ಮೈಸೂರು ರಸ್ತೆಯಲ್ಲಿ ವೇಗವಾಗಿ ಹೋಗುವಾಗ ಮುರಿದರೆ ಹೇಳುವುದೇ ಬೇಡ. ಎಣ್ಣೆಯಾದರೆ ಮರೆಯ ಸುತ್ತಲೂ ಹರಿದು, ಹೆಚ್ಚಾದದ್ದು ಮೇಲೆ ಜಿನುಗುತ್ತದೆ. ಮೇಲೆ ಎಣ್ಣೆ ಕಂಡಿತೆಂದರೆ ಕೆಲಸ ಆಯಿತು. ಲೋಟಸ್ ಎಲಾನ್‌ನಂಥ ಹೆಸರುವಾಸಿ ಕಾರೂ ಇದೇ ಟ್ರಯಂಫ್ ವಂಶದ ಕಂಬ, ಟ್ರನಿಯನ್ನನ್ನು ಎರವಲು ಪಡೆದಿತ್ತು ಎಂದರೆ ವಿನ್ಯಾಸದಲ್ಲಿ ದೋಷವಿಲ್ಲ, ಆರೈಕೆಯಲ್ಲಿ ಇದೆ ಎಂಬುದು ಗೊತ್ತಾಗುತ್ತದೆ.

ಬುಷ್ ಬಿಚ್ಚುವ ಕೆಲಸ ಮೊದಲ ನೋಟಕ್ಕೆ ಜಗಳದ ಹಾಗೆ ಕಾಣುತ್ತದೆ. ಐವತ್ತು ವರ್ಷ ಕೂತ ರಬ್ಬರ್ ಲೋಹಕ್ಕೆ ಅಂಟಿರುತ್ತದೆ, ಒಳಗಿನ ಉಕ್ಕಿನ ಕೊಳವೆಗೂ ಬೋಲ್ಟಿಗೂ ತುಕ್ಕು ಬೆಸೆದಿರುತ್ತದೆ. ಅವಸರದ ಕೈ ಗ್ಯಾಸ್ ಕಟ್ಟರ್ ಹಚ್ಚಿ ರಬ್ಬರ್ ಸುಡುತ್ತದೆ. ಹೊಗೆ ವಿಷ, ತೆಳು ತಗಡಿನ ವಿಶ್‌ಬೋನ್ ಸೊಟ್ಟಗಾಗುವ ಭಯ ಬೇರೆ. ನುರಿತ ಮೇಸ್ತ್ರಿ ಹ್ಯಾಕ್ಸಾ ಬ್ಲೇಡನ್ನು ಬುಷ್ಷಿನೊಳಗೆ ತೂರಿಸಿ ಹೊರಗಿನ ಕೊಳವೆಯ ಒಂದೇ ಕಡೆ ಗೀರಿ, ಅದರ ಬಿಗಿತ ಸಡಿಲಿಸಿ, ಬೆಂಚ್ ವೈಸಿನಲ್ಲಿ ಒತ್ತಿ ಹೊರತರುತ್ತಾನೆ. ಹೊಸದನ್ನು ಸುತ್ತಿಗೆಯಿಂದ ಬಡಿದು ಕೂರಿಸಬಾರದು. ಒಂದು ಉದ್ದ ಮರೆ ರಾಡು, ಬುಷ್ಷಿನ ಅಳತೆಯ ಒಂದು ಸಣ್ಣ ಸಾಕೆಟ್ಟು, ಆಚೆ ಬದಿಗೆ ಒಂದು ದೊಡ್ಡ ಸಾಕೆಟ್ಟು, ಎರಡು ನಟ್ಟು ಇದ್ದರೆ ಸಾಕು. ನಟ್ಟು ತಿರುಗಿಸುತ್ತ ಹೋದಂತೆ ಬುಷ್ ನೇರವಾಗಿ ಒಳಕ್ಕೆ ಸರಿಯುತ್ತದೆ. ಜಾರಲು ಸೋಪಿನ ನೀರು ಅಥವಾ ರಬ್ಬರಿಗೆಂದೇ ಸಿಗುವ ಕೆಂಪು ಗ್ರೀಸು ಹಚ್ಚಬೇಕು. ಇಂಜಿನ್ ಆಯಿಲ್, ಮಾಮೂಲಿ ಗ್ರೀಸು ನೈಸರ್ಗಿಕ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತವೆ.

ಕೂರಿಸಿದ್ದಾಯಿತು. ಬಹಳ ಗ್ಯಾರೇಜುಗಳಲ್ಲಿ ಕೆಲಸ ಕೆಡುವುದು ಇದರ ಮುಂದಿನ ಹೆಜ್ಜೆಯಲ್ಲಿ. ಕಾರು ಇನ್ನೂ ಜಾಕ್ ಮೇಲಿದೆ, ಚಕ್ರಗಳು ಕೆಳಕ್ಕೆ ಜೋತುಬಿದ್ದಿವೆ. ಸ್ಪ್ಯಾನರ್ ಕೈಯಲ್ಲಿದೆ, ಬೋಲ್ಟು ಎದುರಿಗೇ ಇದೆ. ಬಿಗಿದುಬಿಡೋಣ ಎನ್ನಿಸುತ್ತದೆ. ಆದರೆ ಈ ಬುಷ್ ತಿರುಗುವ ಬೇರಿಂಗ್ ಅಲ್ಲ. ಬೋಲ್ಟು ಬಿಗಿದಾಗ ಒಳಗಿನ ಕೊಳವೆ ಬ್ರ್ಯಾಕೆಟ್ಟಿಗೆ ಕಚ್ಚಿಕೊಂಡು ನಿಲ್ಲುತ್ತದೆ, ಹೊರಮೈ ವಿಶ್‌ಬೋನಿನ ಜತೆ ಚಲಿಸುತ್ತದೆ, ನಡುವಿನ ರಬ್ಬರ್ ತಿರುಚಿಕೊಂಡು ಚಲನೆಗೆ ಎಡೆ ಕೊಡುತ್ತದೆ. ಜೋತುಬಿದ್ದ ಸ್ಥಿತಿಯಲ್ಲಿ ಬಿಗಿದರೆ, ಕಾರು ನೆಲಕ್ಕಿಳಿದ ಕ್ಷಣದಿಂದಲೇ ರಬ್ಬರ್ ತಿರುಚಿಕೊಂಡೇ ನಿಂತಿರುತ್ತದೆ. ಹಳ್ಳ ಬಂದಾಗ ಇನ್ನಷ್ಟು ತಿರುಚಿ ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಅಲ್ಲಿಯವರೆಗೆ ಕಾರಿನ ಮೂಗು ಇರಬೇಕಾದದ್ದಕ್ಕಿಂತ ಎತ್ತರದಲ್ಲಿ ನಿಂತು, ‘ಹೊಸ ಸ್ಪ್ರಿಂಗ್ ಸರಿ ಇಲ್ಲ’ ಎಂದು ಸ್ಪ್ರಿಂಗಿನ ಮೇಲೆ ಅಪವಾದ ಬರುತ್ತದೆ. ಸರಿಯಾದ ಕ್ರಮ ಇಷ್ಟೇ: ಬೋಲ್ಟುಗಳನ್ನು ಕೈಬಿಗಿಯಲ್ಲಿ ಬಿಟ್ಟು, ಚಕ್ರ ಹಾಕಿ, ಕಾರನ್ನು ನೆಲಕ್ಕೆ ಇಳಿಸಬೇಕು. ಎರಡೂ ಸೀಟಿನಲ್ಲಿ ಇಬ್ಬರು ಕೂತಷ್ಟು ಭಾರ ಇಡಬೇಕು. ಒಂದೊಂದು ಸಿಮೆಂಟ್ ಚೀಲದ ಮೇಲೆ ಇನ್ನಷ್ಟು ಮರಳು ಹಾಕಿದರೂ ನಡೆಯುತ್ತದೆ. ಕಾರನ್ನು ಹಿಂದಕ್ಕೆ ಮುಂದಕ್ಕೆ ತಳ್ಳಿ, ಮೂಗನ್ನು ಒತ್ತಿ ಬಿಟ್ಟು ಅದು ತನ್ನ ಮಟ್ಟಕ್ಕೆ ಬರಲಿ. ಬಿಗಿಯಬೇಕಾದದ್ದು ಆಮೇಲೆ. ನನ್ನ ಮಟ್ಟಿಗೆ ಸಸ್ಪೆನ್ಶನ್ ಕೆಲಸದ ಗುಣಮಟ್ಟ ಅಳೆಯಲು ಈ ಒಂದು ಪ್ರಶ್ನೆ ಸಾಕು: ‘ಬುಷ್ ಬೋಲ್ಟು ಯಾವಾಗ ಟೈಟು ಮಾಡಿದ್ರಿ?’

ಕೆಳಗಿನ ವಿಶ್‌ಬೋನಿನ ಬ್ರ್ಯಾಕೆಟ್ಟು ಚಾಸಿಸ್‌ಗೆ ಕೂರುವಲ್ಲಿ ತೆಳು ತಗಡಿನ ಬಿಲ್ಲೆಗಳು ಸಿಗುತ್ತವೆ. ಶಿಮ್ ಎನ್ನುತ್ತಾರೆ. ಬಿಚ್ಚುವಾಗ ಉದುರಿ ಬೀಳುವ ಇವನ್ನು ಕಸದ ಜತೆ ಗುಡಿಸಿ ಹಾಕಿದ ಮೇಲೆ ಚಕ್ರದ ಕೋನ ಯಾಕೆ ಸರಿ ಬರುತ್ತಿಲ್ಲ ಎಂದು ತಲೆ ಕೆಡಿಸಿಕೊಳ್ಳುವವರನ್ನು ನೋಡಿದ್ದೇನೆ. ಎಲ್ಲಿ ಎಷ್ಟಿದ್ದವು ಎಂದು ಮೊಬೈಲಿನಲ್ಲಿ ಫೋಟೊ ತೆಗೆದು, ದಾರದಲ್ಲಿ ಪೋಣಿಸಿ, ಚೀಟಿ ಕಟ್ಟಿ ಇಡಬೇಕು.

ರಬ್ಬರಿಗೆ ಬದಲಿ ಏನು ಎಂಬುದು ಗಲ್ಲಿಗಳಲ್ಲಿ ಮುಗಿಯದ ಚರ್ಚೆ. ‘ರಬ್ಬರ್ ಬೇಡ ಸಾರ್, ಗನ್‌ಮೆಟಲ್ ಬುಷ್ ಹೊಡ್ಸಿ ಕೊಡ್ತೀನಿ, ಲೈಫ್ ಪೂರ್ತಿ ನೋಡಂಗಿಲ್ಲ’ ಎನ್ನುವ ಮಾತು ಪ್ರೀತಿಯದೇ. ಲೇತ್ ಕೆಲಸ ಚೆಂದವಾಗಿಯೂ ಬರುತ್ತದೆ. ಆದರೂ ನಾನು ಒಪ್ಪಲಾರೆ. ರಬ್ಬರ್ ಇದ್ದದ್ದು ತಿರುಗಲು ಮಾತ್ರವಲ್ಲ, ರಸ್ತೆಯ ಏಟನ್ನು ನುಂಗಲೂ ಹೌದು. ಲೋಹಕ್ಕೆ ಲೋಹ ಕೂರಿಸಿದರೆ ಆ ಏಟು ನೇರ ಬ್ರ್ಯಾಕೆಟ್ಟಿಗೆ, ಅಲ್ಲಿಂದ ಚಾಸಿಸ್‌ಗೆ ಹೋಗಿ ವೆಲ್ಡಿಂಗ್ ಪಕ್ಕದಲ್ಲಿ ಬಿರುಕು ಬಿಡುತ್ತದೆ. ಸಾವಿರ ರೂಪಾಯಿ ಉಳಿಸಲು ಹೋಗಿ ಚಾಸಿಸ್ ಕಳೆದುಕೊಂಡ ಹಾಗಾಗುತ್ತದೆ. ಪಾಲಿಯುರೆಥೇನ್ ಬುಷ್ ನಡುದಾರಿ. ರಬ್ಬರಿಗಿಂತ ಗಟ್ಟಿ, ಶೋರ್ ಮಾಪನದಲ್ಲಿ ರಬ್ಬರ್ 60ರಿಂದ 70ರ ಆಸುಪಾಸಿನಲ್ಲಿದ್ದರೆ ಪಾಲಿ 80ರ ಮೇಲೇ ಇರುತ್ತದೆ. ಅದು ತಿರುಚಿಕೊಳ್ಳುವುದಿಲ್ಲ, ಕೊಳವೆಯ ಮೇಲೆ ಜಾರುತ್ತದೆ. ಹಾಗಾಗಿ ಅದಕ್ಕೆಂದೇ ಕೊಡುವ ಸಿಲಿಕೋನ್ ಗ್ರೀಸ್ ಹಾಕದಿದ್ದರೆ ಕೀರಲು ಶುರು. ರೇಸಿಗೆ ಹೋಗುವವರಿಗೆ ಒಳ್ಳೆಯದು. ಭಾನುವಾರ ಬೆಳಿಗ್ಗೆ ನಂದಿಬೆಟ್ಟಕ್ಕೆ ಹೋಗಿ ಬರುವವರಿಗೆ, ನಮ್ಮ ಹಂಪುಗಳ ಮೇಲೆ, ಒಳ್ಳೆಯ ಹೊಸ ರಬ್ಬರೇ ಸರಿ.

‘ಹೊಸ’ ಎಂಬ ಮಾತಿಗೆ ಒತ್ತು ಕೊಟ್ಟೇ ಹೇಳುತ್ತಿದ್ದೇನೆ. ಜೆ.ಸಿ. ರಸ್ತೆಯ ಯಾವುದೋ ಹಳೆ ಅಂಗಡಿಯ ಅಟ್ಟದಲ್ಲಿ ಕಂಪನಿ ಡಬ್ಬಿಯಲ್ಲೇ ಕೂತ ಬುಷ್ ಸಿಕ್ಕರೆ ನಿಧಿ ಸಿಕ್ಕಷ್ಟು ಖುಷಿಯಾಗುತ್ತದೆ. ಆದರೆ ರಬ್ಬರಿಗೆ ವಯಸ್ಸಾಗಲು ಓಡಲೇಬೇಕೆಂದಿಲ್ಲ. ಗಾಳಿ, ಬಿಸಿ ಸಾಕು. ಉಗುರಿನಿಂದ ಒತ್ತಿ ನೋಡಿ, ಅಂಚನ್ನು ಬಗ್ಗಿಸಿ ನೋಡಿ. ಕೂದಲಿನಷ್ಟು ಬಿರುಕು ಕಂಡರೆ ಆ ಡಬ್ಬಿ ಶೋಕೇಸಿಗೆ, ಬುಷ್ ಗುಜರಿಗೆ. ಬಾಲ್ ಜಾಯಿಂಟಿನ ರಬ್ಬರ್ ಟೋಪಿಗೂ ಇದೇ ಮಾತು. ಲೋಹದ ಹಳೆ ಸ್ಟಾಕ್ ಸಿಕ್ಕರೆ ಮಾತ್ರ ಕಣ್ಣುಮುಚ್ಚಿ ಕೊಳ್ಳಬಹುದು.

ಬೋಲ್ಟುಗಳದು ಬೇರೆಯೇ ಕಥೆ. ಆ ಕಾಲದ ಟ್ರಯಂಫ್, ಎಂಜಿಗಳಲ್ಲಿ ಹೆಚ್ಚಾಗಿ ಇರುವುದು ಇಂಚಿನ ಲೆಕ್ಕದ ಯುಎನ್‌ಎಫ್ ಮರೆ. ನಮ್ಮ ಅಂಗಡಿಗಳಲ್ಲಿ ಕೈಗೆ ಮೊದಲು ಸಿಗುವುದು ಮಿಲಿಮೀಟರಿನದು. 5/16 ಇಂಚು ಎಂದರೆ 7.94 ಮಿಲಿಮೀಟರ್, 8 ಮಿಲಿಮೀಟರಿಗೆ ಎಷ್ಟು ಹತ್ತಿರ ನೋಡಿ. ಆದರೆ ಯುಎನ್‌ಎಫ್‌ನಲ್ಲಿ ಇಂಚಿಗೆ 24 ಮರೆ, ಅಂದರೆ ಒಂದರಿಂದ ಇನ್ನೊಂದಕ್ಕೆ 1.06 ಮಿಲಿಮೀಟರ್, ಮಾಮೂಲಿ 8 ಮಿಲಿಮೀಟರ್ ಬೋಲ್ಟಿನಲ್ಲಿ 1.25. ಎರಡು ಸುತ್ತು ಸಲೀಸಾಗಿ ಹೋಗಿ ಆಮೇಲೆ ಬಿಗಿಯಾಗುತ್ತದೆ. ‘ತುಕ್ಕು ಇರಬೇಕು’ ಎಂದುಕೊಂಡು ಉದ್ದ ಹಿಡಿಯ ಸ್ಪ್ಯಾನರ್ ಹಾಕಿ ತಿರುಗಿಸಿದರೆ ಒಳಗಿನ ಮರೆಯೆಲ್ಲ ಪುಡಿಪುಡಿ. ಹಳೆ ಬೋಲ್ಟು ಒಂದನ್ನು ಜೇಬಿಗೆ ಹಾಕಿಕೊಂಡು ಸಿಲ್ವರ್ ಜೂಬಿಲಿ ಪಾರ್ಕ್ ರಸ್ತೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಅಳತೆಗೆ ಅಳತೆ ಇಟ್ಟು ಹುಡುಕಬೇಕು. ತಲೆಯ ಮೇಲಿನ ಗುರುತನ್ನೂ ನೋಡಬೇಕು. ಸಸ್ಪೆನ್ಶನ್ನಿಗೆ ಹಾಕುವುದು ಗಟ್ಟಿ ದರ್ಜೆಯ ಉಕ್ಕೇ ಆಗಬೇಕು, ಗೇಟಿಗೆ ಹಾಕುವ ಬೋಲ್ಟಲ್ಲ. ನೈಲಾನ್ ಉಂಗುರದ ನಟ್ಟು, ಸ್ಪ್ಲಿಟ್ ಪಿನ್ ಒಂದು ಸಲ ಬಿಚ್ಚಿದರೆ ಮತ್ತೆ ಬಳಸಬಾರದು.

ಕಾಯಿಲ್ ಸ್ಪ್ರಿಂಗ್ ಬಿಚ್ಚುವಾಗ ಜೀವದ ಜತೆ ಆಟ ಬೇಡ. ಕುಗ್ಗಿಸಿದ ಸ್ಪ್ರಿಂಗ್ ನೂರಾರು ಕಿಲೋ ಬಲ ಹಿಡಿದಿಟ್ಟಿರುತ್ತದೆ. ಅದನ್ನು ಬೈಂಡಿಂಗ್ ತಂತಿ ಸುತ್ತಿ ಬಿಚ್ಚುವ ಅಭ್ಯಾಸ ಎಲ್ಲೇ ಕಂಡರೂ ಅಲ್ಲಿಂದ ಕಾರು ವಾಪಸು ತನ್ನಿ. ಸ್ಪ್ರಿಂಗ್ ಕಂಪ್ರೆಸರ್ ಇಲ್ಲದೆ ಆ ಕೆಲಸಕ್ಕೆ ಕೈ ಹಾಕಲೇಬಾರದು.

ಹಿಂದಿನ ಚಕ್ರಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಹೆರಾಲ್ಡ್, ಸ್ಪಿಟ್‌ಫೈರ್‌ಗಳಲ್ಲಿ ಹಿಂದೆ ಅಡ್ಡಲಾಗಿ ಒಂದೇ ಕಮಾನ್ ಪಟ್ಟಿ, ಡಿಫರೆನ್ಶಿಯಲ್‌ನಿಂದ ಎರಡೂ ಕಡೆಗೆ ತೂಗುವ ಆಕ್ಸಲ್. ತಿರುವಿನಲ್ಲಿ ಹೆದರಿ ಆಕ್ಸಲರೇಟರ್ ಬಿಟ್ಟರೆ ಹೊರಬದಿಯ ಚಕ್ರ ಒಳಕ್ಕೆ ಮಡಚುವ ಗುಣ ಇದಕ್ಕಿದೆ. ಇಲ್ಲಿನ ಕೊಳ್ಳುವವರಿಗೂ ಮೇಸ್ತ್ರಿಗಳಿಗೂ ಅದು ಒಗ್ಗಲಿಲ್ಲ. ಎಪ್ಪತ್ತರ ದಶಕದ ಆರಂಭದಲ್ಲಿ ಹೆರಾಲ್ಡ್ ಜಾಗಕ್ಕೆ ಬಂದ ಸ್ಟ್ಯಾಂಡರ್ಡ್ ಗಜೆಲ್‌ನಲ್ಲಿ ಒಂದೇ ತುಂಡಿನ ಆಕ್ಸಲ್ ಹಾಕಿದರು. ಈಗಲೂ ಕೆಲವರು ಹಂಪ್‌ಗೆ ತಳ ಬಡಿಯುತ್ತದೆಂದು ಕಮಾನಿಗೆ ಇನ್ನೊಂದು ಪಟ್ಟಿ ಸೇರಿಸಿ ಹಿಂಭಾಗ ಎತ್ತರಿಸುತ್ತಾರೆ. ಹಾಗೆ ಮಾಡಿದರೆ ಚಕ್ರಗಳ ಅಡಿ ಒಳಕ್ಕೆ ಸರಿದು, ಮಡಚುವ ಆ ಗುಣ ಇನ್ನೂ ಕೆಡುತ್ತದೆ. ಹಂಪ್ ಬಂದಾಗ ಮೆಲ್ಲಗೆ ಹೋಗುವುದೊಂದೇ ಮದ್ದು.

ಈ ಮಾತುಗಳಿಗೆ ಈಗ ಬೆಲೆ ಹೆಚ್ಚಿದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ ವಾಹನಗಳಿಗೆ ‘ವಿಎ’ ಅಕ್ಷರವುಳ್ಳ ಬೇರೆ ನಂಬರ್ ಸರಣಿ ತಂದಿತು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, 10 ವರ್ಷದ ಅವಧಿ. ಚಾಸಿಸ್, ಬಾಡಿ, ಇಂಜಿನ್ ಮೂಲರೂಪದಲ್ಲೇ ಇರಬೇಕೆಂಬ ಷರತ್ತಿದೆ. 2025ರಲ್ಲಿ ಆಮದು ನಿಯಮವೂ ಸಡಿಲವಾಗಿ, ಅಲ್ಲಿಯವರೆಗೆ 1950ಕ್ಕಿಂತ ಹಿಂದಿನ ಕಾರುಗಳಿಗಷ್ಟೇ ಇದ್ದ ಅವಕಾಶ 50 ವರ್ಷ ದಾಟಿದವಕ್ಕೆಲ್ಲ ಸಿಕ್ಕಿತು. ಅರವತ್ತು, ಎಪ್ಪತ್ತರ ದಶಕದ ಸ್ಪೋರ್ಟ್ಸ್ ಕಾರುಗಳು ಬಂದಿಳಿದರೆ ಅವನ್ನು ಬಿಚ್ಚಿ ಕೂರಿಸುವವರು ಬೇಕು. ಹೆರಾಲ್ಡ್ ಮೇಲೆ ಕೈ ಪಳಗಿಸಿಕೊಂಡ ತಲೆಮಾರಿಗೆ ವಯಸ್ಸಾಗಿದೆ. ಹುಡುಗರು ಸ್ಕ್ಯಾನರ್ ಹಿಡಿದು ಕಂಪ್ಯೂಟರ್ ಕೋಡ್ ಓದಬಲ್ಲರು, ಟ್ರನಿಯನ್ ನೋಡಿದವರು ಕಡಿಮೆ. ಹಳೆ ಕಾರಿನ ಮಾಲೀಕರು ಕೆಲಸ ಮಾಡಿಸುವಾಗ ಹಿರಿಯ ಮೇಸ್ತ್ರಿಯ ಪಕ್ಕದಲ್ಲಿ ಒಬ್ಬ ಹುಡುಗನನ್ನು ಕೂರಿಸಿ, ಅವನ ಸಂಬಳವನ್ನೂ ಸೇರಿಸಿ ಕೊಟ್ಟರೆ ಅದಕ್ಕಿಂತ ಒಳ್ಳೆಯ ಖರ್ಚು ಇನ್ನೊಂದಿಲ್ಲ.

ಇಂಥ ಕಾರು ಕೊಳ್ಳುವ ಆಸೆ ನಿಮಗಿದ್ದರೆ, ಬಣ್ಣ ನೋಡುವ ಮೊದಲು ಮುಂದಿನ ಚಕ್ರ ನೆಲ ಬಿಡುವಂತೆ ಜಾಕ್ ಹಾಕಿಸಿ, ಅಡಿಗೆ ಸ್ಟ್ಯಾಂಡ್ ಇಡಿಸಿ. ಟೈರಿನ ಮೇಲೊಂದು ಕೈ, ಕೆಳಗೊಂದು ಕೈ ಇಟ್ಟು ಅಲ್ಲಾಡಿಸಿ. ‘ಟಕ್’ ಎಂದರೆ ಬೇರಿಂಗೋ, ಬಾಲ್ ಜಾಯಿಂಟೋ, ಟ್ರನಿಯನ್ನೋ ಎಂದು ಮೇಸ್ತ್ರಿ ಪತ್ತೆ ಮಾಡಲಿ. ಟ್ರನಿಯನ್ನಿಗೆ ಕೊನೆಯ ಸಲ ಎಣ್ಣೆ ಹಾಕಿದ್ದು ಯಾವಾಗ ಎಂದು ಮಾಲೀಕರಿಗೆ ನೆನಪಿಲ್ಲದಿದ್ದರೆ ಕಾರನ್ನು ಓಡಿಸಿಕೊಂಡು ಬರಬೇಡಿ. ಲಾರಿಯ ಮೇಲೆ ಹೇರಿಸಿ ತನ್ನಿ, ಬಿಚ್ಚಿಸಿ ನೋಡಿ, ಆಮೇಲೆ ರಸ್ತೆಗಿಳಿಸಿ.